ನಾಲ್ಕು ವಾರ ಕಾಯುವ ಊರು

ಡಿಸೆಂಬರ್ ಎರಡನೇ ವಾರ ಬಂತೆಂದರೆ ಮಂಗಳೂರು, ಉಡುಪಿ ಸೀಮೆಯ ಕೆಥೋಲಿಕ ಮನೆಗಳಲ್ಲಿ ಒಂದೆರಡು ಹಿಡಿ ರಾಗಿಯನ್ನೋ ಭತ್ತವನ್ನೋ ನೀರಿನಲ್ಲಿ ನೆನೆಹಾಕುತ್ತಾರೆ. ಉಣ್ಣುವುದಕ್ಕಲ್ಲ. ಹಳೆಯ ತಟ್ಟೆಗೆ ಮಣ್ಣು ತುಂಬಿ, ಮೊಳಕೆಯೊಡೆದ ಕಾಳನ್ನು ಒತ್ತಾಗಿ ಹರಡಿ, ದಿನವೂ ನೀರು ಚಿಮುಕಿಸಿ ಜಗಲಿಯ ಮೂಲೆಯಲ್ಲಿಡುತ್ತಾರೆ. ಕ್ರಿಸ್ಮಸ್ ಹಬ್ಬದ ಹಿಂದಿನ ಸಂಜೆಗೆ ಆ ಪೈರು ನಾಲ್ಕು ಬೆರಳು ಎತ್ತರಕ್ಕೆ ಹಸಿರಾಗಿ ನಿಂತಿರಬೇಕು. ಬೇಗ ಬಿತ್ತಿದರೆ ಎಳೆ ಉದ್ದವಾಗಿ ಅಡ್ಡ ಬೀಳುತ್ತದೆ, ತಡವಾದರೆ ಯೇಸು ಜನನದ ದೃಶ್ಯವಾಗಿ ಕಟ್ಟುವ ಗೋದಲಿಯ ಮುಂದಿನ ಗದ್ದೆ ಬೋಳಾಗಿ ಉಳಿಯುತ್ತದೆ. ಈ ಲೆಕ್ಕ ಮನೆಯ ಮಕ್ಕಳಿಗೆ ಅಜ್ಜ ಅಜ್ಜಿಯರಿಂದ ಬರುತ್ತದೆ. ಬೆತ್ಲೆಹೇಮಿನ ಕುರಿಗಾಹಿಗಳ ಬಯಲು ಕರಾವಳಿಗೆ ಬರುವಾಗ ಗದ್ದೆಯಾಗಿಬಿಟ್ಟಿದೆ, ಕೊಟ್ಟಿಗೆಗೆ ಇಲ್ಲಿಯ ಹಟ್ಟಿಯ ರೂಪ ಬಂದಿದೆ. ದೇವರ ಮಗ ಹುಟ್ಟಿದ್ದು ನಮ್ಮ ಹಿತ್ತಲಿನ ಆಚೆಗೇ ಎಂದು ನಂಬಿದವರು ಮಾಡುವ ಬೇಸಾಯ ಅದು.

ಹೊರಗಿನವರು ಕಾಣುವ ಕ್ರಿಸ್ಮಸ್ ಒಂದು ರಾತ್ರಿಯದು: ನಕ್ಷತ್ರ, ದೀಪ, ಕೇಕ್, ಕೆಂಪು ಟೊಪ್ಪಿಯ ಸಾಂಟಾಕ್ಲಾಸ್. ಧರ್ಮಕೇಂದ್ರದ (ಪ್ಯಾರಿಷ್‌ನ) ಒಳಗಿನವರಿಗೆ ಆ ರಾತ್ರಿ ನಾಲ್ಕು ವಾರಗಳ ಕೆಲಸದ ಕೊನೆಯ ಘಟ್ಟ. ಆ ನಾಲ್ಕು ವಾರಗಳಿಗೆ ಕನ್ನಡದ ಪೂಜಾವಿಧಿಯಲ್ಲಿ ‘ಆಗಮನ ಕಾಲ’ ಎಂದು ಹೆಸರು. ಅಂಗಡಿ ಬೀದಿಗಳು ಡಿಸೆಂಬರ್ ಒಂದಕ್ಕೇ ಹಬ್ಬವನ್ನು ಶುರು ಮಾಡಿ ಇಪ್ಪತ್ತಾರಕ್ಕೆ ಮುಗಿಸುತ್ತವೆ. ಇಗರ್ಜಿಯ (ಚರ್ಚಿನ) ಕ್ರಮ ಇದಕ್ಕೆ ತಿರುವುಮುರುವು: ಇಪ್ಪತ್ತನಾಲ್ಕರವರೆಗೆ ಕಾಯಬೇಕು, ಅಲ್ಲಿಂದ ಹಬ್ಬ ಶುರು. ಈ ಕಾಯುವಿಕೆಯೇ ಒಂದು ಧರ್ಮಕೇಂದ್ರದ ನೂರಾರು ಕುಟುಂಬಗಳನ್ನು ಒಂದು ಊರಾಗಿ ಕಟ್ಟುತ್ತದೆ. ಅದನ್ನು ಅರಿಯದೆ ಕರಾವಳಿಯ ಕ್ರಿಸ್ಮಸ್ ಅರ್ಥವಾಗುವುದಿಲ್ಲ.

ಆಗಮನ ಕಾಲದ ಮೊದಲ ದಿನ ಯಾವಾಗಲೂ ಭಾನುವಾರ. ನವೆಂಬರ್ 30, ಸಂತ ಅಂದ್ರೆಯರ ಹಬ್ಬ. ಆ ದಿನಕ್ಕೆ ಅತಿ ಹತ್ತಿರದ ಭಾನುವಾರ, ಅಂದರೆ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುವ ಭಾನುವಾರ, ಕೆಥೋಲಿಕ ಧರ್ಮಸಭೆಯ ಹೊಸ ವರ್ಷ ಹುಟ್ಟುತ್ತದೆ. ಅಂದಿನಿಂದ ಭಾನುವಾರಗಳ ವಾಚನವೂ ಬದಲು. ಮೂರು ವರ್ಷಗಳ ಸರದಿಯಲ್ಲಿ ಮತ್ತಾಯ, ಮಾರ್ಕ, ಲೂಕರ ಶುಭಸಂದೇಶಗಳು ಒಂದಾದ ಮೇಲೊಂದರಂತೆ ಬರುತ್ತವೆ. 2025ರ ನವೆಂಬರ್ 30ರಂದು ಮತ್ತಾಯರ ವರ್ಷ ಆರಂಭವಾಯಿತು.

ನಾಲ್ಕು ಭಾನುವಾರಗಳು ಕಡ್ಡಾಯ, ಆದರೆ ನಾಲ್ಕು ವಾರ ಪೂರ್ತಿ ಸಿಗಲೇಬೇಕೆಂದಿಲ್ಲ. ಕ್ರಿಸ್ಮಸ್ ಭಾನುವಾರ ಬಿದ್ದರೆ ಆಗಮನ ಕಾಲಕ್ಕೆ 28 ದಿನ, ಸೋಮವಾರ ಬಿದ್ದರೆ 22 ದಿನ ಮಾತ್ರ. 2022ರಲ್ಲಿ ಅತಿ ಉದ್ದದ್ದು ಬಂದಿತ್ತು, ಮರುವರ್ಷವೇ ಅತಿ ಗಿಡ್ಡದ್ದು. 2023ರ ಡಿಸೆಂಬರ್ 24 ನಾಲ್ಕನೇ ಭಾನುವಾರವೂ ಆಗಿತ್ತು, ಕ್ರಿಸ್ಮಸ್‌ನ ಮುನ್ನಾ ದಿನವೂ ಆಗಿತ್ತು. ಬೆಳಗ್ಗೆ ಆಗಮನ ಕಾಲದ ನೇರಳೆ ಉಡುಪಿನ ಬಲಿಪೂಜೆ, ಸಂಜೆ ಹಬ್ಬದ ಬಿಳಿ ಉಡುಪಿನದು. ನಡುವೆ ಸಿಕ್ಕ ಕೆಲವು ಗಂಟೆಗಳಲ್ಲಿ ಪೀಠದ ಬಟ್ಟೆ ಬದಲಿಸಿ, ಹೂ ಜೋಡಿಸಿ, ಮೈಕ್ ಪರೀಕ್ಷಿಸಿ, ಗಾಯನ ವೃಂದಕ್ಕೆ ಕೊನೆಯ ಅಭ್ಯಾಸ ಮಾಡಿಸುವ ಹೊಣೆ ಎಲ್ಲೆಡೆಯ ಇಗರ್ಜಿಗಳ ಸ್ವಯಂಸೇವಕರ ಮೇಲೆ ಬಿದ್ದಿತ್ತು. ಪಂಚಾಂಗದ ಒಂದು ಸಣ್ಣ ತಿರುವು ಎಷ್ಟು ಜನರ ಬೆವರಿಳಿಸುತ್ತದೆ ಎನ್ನುವುದು ಆ ಕೆಲಸ ಮಾಡಿದವರಿಗೇ ಗೊತ್ತು.

ಈ ಕಾಲದ ಮೊದಲ ಗುರುತು ಕಣ್ಣಿಗೆ ಬೀಳುವ ನೇರಳೆ ಬಣ್ಣ. ಎರಡನೆಯದು ಕಿವಿಗೆ ಬೀಳುವ ಒಂದು ಮೌನ. ಭಾನುವಾರದ ಬಲಿಪೂಜೆಯಲ್ಲಿ ಹಾಡುವ ‘ಗ್ಲೋರಿಯಾ’ ಎಂಬ ಮಹಿಮಾ ಗೀತೆ ಆಗಮನ ಕಾಲದ ಭಾನುವಾರಗಳಲ್ಲಿ ಇರುವುದಿಲ್ಲ. ಯೇಸು ಹುಟ್ಟಿದ ರಾತ್ರಿ ದೇವದೂತರು ಹಾಡಿದರೆಂದು ಲೂಕ ಬರೆದಿಟ್ಟ ಮಾತುಗಳಿಂದಲೇ ಆ ಗೀತೆ ಶುರುವಾಗುವುದು. ದೂತರು ಹಾಡುವ ಮೊದಲು ಜನ ಹಾಡುವಂತಿಲ್ಲ ಎಂಬಂತೆ ಅದನ್ನು ಎತ್ತಿಡುತ್ತಾರೆ. ಪೀಠದ ಹೂವೂ ಮಿತವಾಗಿರಬೇಕು, ವಾದ್ಯಗಳೂ ತಗ್ಗಿದ ದನಿಯಲ್ಲಿರಬೇಕು ಎಂಬುದು ಪೂಜಾವಿಧಿಯ ಸೂಚನೆ. ಮೂರನೇ ಭಾನುವಾರ ಮಾತ್ರ ಸ್ವಲ್ಪ ಸಡಿಲಿಕೆ. ಅಂದು ಗುಲಾಬಿ ಬಣ್ಣದ ಉಡುಪು ತೊಡಬಹುದು. ಅರ್ಧ ದಾರಿ ದಾಟಿದೆ, ಹಿಗ್ಗಿರಿ ಎಂಬುದು ಅದರ ಇಂಗಿತ.

ಇನ್ನೊಂದು ಸಂಗತಿ ಹಲವು ಕ್ರೈಸ್ತರ ಗಮನಕ್ಕೂ ಬಂದಿರುವುದಿಲ್ಲ. ಆಗಮನ ಕಾಲದ ಮೊದಲ ಭಾನುವಾರದ ವಾಚನಗಳಲ್ಲಿ ಹಸುಗೂಸಿನ ಸುಳಿವೇ ಇಲ್ಲ. ಅಲ್ಲಿರುವುದು ಕಾಲಾಂತ್ಯದಲ್ಲಿ ಕ್ರಿಸ್ತ ಮರಳಿ ಬರುವ ಮಾತು, ಎಚ್ಚರವಾಗಿರಿ ಎಂಬ ಕರೆ. ಆಮೇಲೆ ಮರುಭೂಮಿಯಿಂದ ಕೂಗುವ ಸ್ನಾನಿಕ ಯೊವಾನ್ನ ಬರುತ್ತಾನೆ. ಡಿಸೆಂಬರ್ 17ರಿಂದ ದಾರಿ ಬೆತ್ಲೆಹೇಮಿನ ಕಡೆಗೆ ಹೊರಳುತ್ತದೆ. ವಂಶಾವಳಿ, ಜೋಸೆಫರ ಕನಸು, ದೇವದೂತ ಮರಿಯಳಿಗೆ ತಂದ ಸುದ್ದಿ, ಎಲಿಜಬೇತಳ ಮನೆಗೆ ಮರಿಯಳ ಭೇಟಿ ಒಂದೊಂದೇ ದಿನ ಕೇಳಿಸುತ್ತವೆ. ಅಂದರೆ ಇಲ್ಲಿ ಕಾಯುವುದು ಎರಡು ಬರವುಗಳಿಗಾಗಿ, ಆಗಿಹೋದ ಒಂದಕ್ಕೆ ಮತ್ತು ಆಗಬೇಕಿರುವ ಇನ್ನೊಂದಕ್ಕೆ.

ಪೀಠದ ಪಕ್ಕದಲ್ಲಿ ಹಸಿರೆಲೆಯ ಬಳೆಯೊಂದರ ಮೇಲೆ ನಾಲ್ಕು ಮೇಣದಬತ್ತಿಗಳು ನಿಂತಿರುತ್ತವೆ. ವಾರಕ್ಕೊಂದನ್ನು ಹೆಚ್ಚಿಗೆ ಬೆಳಗುತ್ತಾರೆ. ಇದು ಬಹು ಪುರಾತನ ಕೆಥೋಲಿಕ ಸಂಪ್ರದಾಯ ಎಂದು ಭಾವಿಸುವವರಿದ್ದಾರೆ. ಹಾಗಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಚ್ ವಿಚರ್ನ್ ಎಂಬ ಲೂಥರನ್ ಪಾದ್ರಿ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ದಿನವೂ ಪೀಡಿಸುತ್ತಿದ್ದ ಮಕ್ಕಳಿಗಾಗಿ ಬಂಡಿಯ ಗಾಲಿಯೊಂದರ ಮೇಲೆ ಇಪ್ಪತ್ತು ಚಿಕ್ಕ ಕೆಂಪು ಬತ್ತಿ, ನಾಲ್ಕು ದೊಡ್ಡ ಬಿಳಿ ಬತ್ತಿಗಳನ್ನು ನಿಲ್ಲಿಸಿದರು. ಚಿಕ್ಕವು ವಾರದ ದಿನಗಳಿಗೆ, ದೊಡ್ಡವು ಭಾನುವಾರಗಳಿಗೆ. ಕೆಥೋಲಿಕ ಇಗರ್ಜಿಯೊಳಗೆ ಅದು ಬಂದದ್ದು 1925ರಲ್ಲಿ, ಕಲೋನ್ ನಗರದಲ್ಲಿ. ಅಲ್ಲಿಂದ ಲೋಕವನ್ನೆಲ್ಲ ಸುತ್ತಿ ಕರಾವಳಿಗೆ ಬಂದಾಗ ಫರ್ ಮರದ ಎಲೆಯ ಜಾಗದಲ್ಲಿ ಗಾಳಿಮರದ ಸೊಪ್ಪು, ಕ್ರೋಟನ್ ಎಲೆ ಕೂತವು. ಒಂದು ಪಂಥದ ಮಕ್ಕಳಿಗಾಗಿ ಹುಟ್ಟಿದ್ದು ನೂರು ವರ್ಷದೊಳಗೆ ಇನ್ನೊಂದು ಪಂಥದ ಪೀಠದ ಪಕ್ಕ ಸೇರಿತಲ್ಲ, ಇದು ನಿಜಕ್ಕೂ ಸಂತೋಷದ ಕಥೆ.

ಇನ್ನು ಊರಿನ ಕಟ್ಟೋಣ. ಕರಾವಳಿಯ ಧರ್ಮಕೇಂದ್ರವನ್ನು ಕೊಂಕಣಿಯಲ್ಲಿ ‘ಫಿರ್ಗಜ್’ ಎನ್ನುತ್ತಾರೆ. ಪ್ರತಿ ಫಿರ್ಗಜ್ ಹಲವು ‘ವಾಡೊ’ಗಳಾಗಿ ಹಂಚಿಹೋಗಿರುತ್ತದೆ. ಪ್ರತಿ ವಾಡೊಗೆ ಒಬ್ಬ ‘ಗುರ್ಕಾರ್’. ವಾಡೊದಲ್ಲಿ ಯಾರಿಗೆ ಕಾಯಿಲೆ, ಯಾರ ಮನೆಗೆ ಪಾದ್ರಿಗಳು ಪರಮಪ್ರಸಾದ ಒಯ್ಯಬೇಕು, ಯಾವ ಮನೆಯಲ್ಲಿ ಮದುವೆ, ಯಾವ ಮನೆಯಲ್ಲಿ ಮನಸ್ತಾಪ ಎಂಬುದೆಲ್ಲ ಗುರ್ಕಾರರಿಗೆ ತಿಳಿದಿರಬೇಕು. ಆಗಮನ ಕಾಲ ಬಂದಾಗ ಈ ಏರ್ಪಾಡಿಗೆ ಜೀವ ಬರುತ್ತದೆ. ಯಾವ ಭಾನುವಾರದ ವಾಚನ ಯಾವ ವಾಡೊದ್ದು, ಬತ್ತಿ ಬೆಳಗುವ ಕುಟುಂಬ ಯಾವುದು, ಇಗರ್ಜಿಯ ಅಂಗಳ ಗುಡಿಸುವವರು ಯಾರು, ಗೋದಲಿ ಕಟ್ಟುವವರು ಯಾರು ಎಂಬ ಹಂಚಿಕೆ ನಡೆಯುತ್ತದೆ. ವಾಡೊದ ಮನೆಯೊಂದರಲ್ಲಿ ಸಂಜೆ ಎಲ್ಲರೂ ಸೇರಿ ಬೈಬಲ್ ಓದಿ, ಜಪಸರ ಮಾಡಿ, ಕೊನೆಗೆ ಚಹಾ ಕುಡಿಯುತ್ತ ಈ ಲೆಕ್ಕಾಚಾರ ಮುಗಿಸುತ್ತಾರೆ. ವರ್ಷವಿಡೀ ಮಾತು ಬಿಟ್ಟ ಎರಡು ಮನೆಯವರು ಒಂದೇ ಚಾಪೆಯ ಮೇಲೆ ಕೂರಬೇಕಾಗುವುದು ಇಂಥ ಸಂಜೆಗಳಲ್ಲಿ.

ಅದಕ್ಕೇ ಪಾಪನಿವೇದನೆಯ ಸಾಲು ಈ ದಿನಗಳಲ್ಲಿ ಉದ್ದವಾಗುತ್ತದೆ. ಅಕ್ಕಪಕ್ಕದ ಧರ್ಮಕೇಂದ್ರಗಳ ಪಾದ್ರಿಗಳು ಒಬ್ಬರಿಗೊಬ್ಬರು ನೆರವಾಗಿ, ಇಂದು ಇಲ್ಲಿ, ನಾಳೆ ಅಲ್ಲಿ ಎಂದು ತಂಡವಾಗಿ ಬಂದು ಇಗರ್ಜಿಯ ಮೂಲೆಮೂಲೆಗಳಲ್ಲಿ ಕೂರುತ್ತಾರೆ. ದಿನವೂ ಮುಖ ನೋಡುವ ಸ್ವಂತ ಇಗರ್ಜಿಯ ಪಾದ್ರಿಗಳ ಮುಂದೆ ಬಾಯಿ ಬಾರದವರಿಗೆ ಪರ ಊರಿನ ಪಾದ್ರಿ ಸಿಗುತ್ತಾರೆ. ಹಬ್ಬದ ತಯಾರಿಯಲ್ಲಿ ಯಾವ ಫೋಟೊದಲ್ಲೂ ಸಿಗದ, ಆದರೆ ಮಿಕ್ಕೆಲ್ಲದಕ್ಕೂ ತಳಹದಿಯಾದ ಕೆಲಸ ಇದೇ.

ಫಿರ್ಗಜ್ ಎಂಬ ಈ ಕಟ್ಟು ಸುಮ್ಮನೆ ಉಳಿದು ಬಂದದ್ದಲ್ಲ. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರಷ್ಟು ಹಿಂದಿನದು, ಮಿಲಾಗ್ರಿಸ್ 1680ರದು. 1784ರಲ್ಲಿ ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯ ಸಾವಿರಾರು ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಹಲವು ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾಗುವವರೆಗೆ ಹದಿನೈದು ಕ್ರಿಸ್ಮಸ್‌ಗಳು ಇಗರ್ಜಿಯಿಲ್ಲದೆ ಕಳೆದುಹೋದವು. ಬದುಕಿ ಮರಳಿದವರು ಮನೆಗಳ ಜೊತೆಗೆ ವಾಡೊಗಳನ್ನೂ ಇಗರ್ಜಿಗಳನ್ನೂ ಮೊದಲಿಂದ ಕಟ್ಟಬೇಕಾಯಿತು. ಇಂದಿಗೂ ಕರಾವಳಿಯ ಹಿರಿಯರು ಫಿರ್ಗಜ್‌ನ ಸಭೆ ತಪ್ಪಿಸಿಕೊಳ್ಳುವುದನ್ನು ಹಗುರವಾಗಿ ನೋಡುವುದಿಲ್ಲ. ಆ ಗಟ್ಟಿತನದ ಹಿಂದೆ ಈ ನೆನಪೂ ಇದೆ.

ಗೋದಲಿಯ ಕಥೆಗೆ ಎಂಟುನೂರು ವರ್ಷ ದಾಟಿದೆ. 1223ರ ಕ್ರಿಸ್ಮಸ್‌ಗೆ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಒಂದು ಮೇವಿನ ತೊಟ್ಟಿ, ಒಂದಿಷ್ಟು ಹುಲ್ಲು, ಒಂದು ಎತ್ತು, ಒಂದು ಕತ್ತೆ ತರಿಸಿದರು. ಅಲ್ಲಿ ಗೊಂಬೆಗಳಿರಲಿಲ್ಲ, ಮರಿಯ ಜೋಸೆಫರ ವೇಷ ಹಾಕಿದವರೂ ಇರಲಿಲ್ಲ. ಆ ತೊಟ್ಟಿಯ ಬಳಿಯೇ ಬಲಿಪೂಜೆ ನಡೆಯಿತು, ಫ್ರಾನ್ಸಿಸ್ ಶುಭಸಂದೇಶ ಹಾಡಿ ಪ್ರವಚನ ನೀಡಿದರು. ಅವರ ಮೊದಲ ಜೀವನಚರಿತ್ರೆ ಬರೆದ ಚೆಲಾನೊದ ಥೋಮಸ್ ಇದನ್ನು ದಾಖಲಿಸಿದ್ದಾರೆ. ಎತ್ತು, ಕತ್ತೆ ಶುಭಸಂದೇಶದ ಜನನ ವೃತ್ತಾಂತದಲ್ಲಿಲ್ಲ. ತಮ್ಮ ಒಡೆಯನ ಗೋದಲಿಯನ್ನು ಅವು ಬಲ್ಲವು ಎಂಬ ಯೆಶಾಯ ಪ್ರವಾದಿಯ ಮಾತಿನಿಂದ ಅವು ಇಲ್ಲಿಗೆ ಬಂದವು. ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊಗೆ ಹೋಗಿ, ಮನೆ, ಶಾಲೆ, ಆಸ್ಪತ್ರೆ, ಕೆಲಸದ ಜಾಗಗಳಲ್ಲಿ ಗೋದಲಿ ಇಡುವ ಪದ್ಧತಿಯನ್ನು ಉಳಿಸಿಕೊಳ್ಳಿ ಎಂದು ಪತ್ರ ಬರೆದರು.

ಕರಾವಳಿಯಲ್ಲಿ ಆ ಮಾತು ಹೇಳಬೇಕಾದ್ದೇ ಇರಲಿಲ್ಲ. ಬಿದಿರು, ಬೈಹುಲ್ಲು, ಮುಳಿಹುಲ್ಲಿನ ಮಾಡು, ತೆಂಗಿನ ಗರಿ, ಬಣ್ಣ ಹಚ್ಚಿದ ಕಾಗದದ ಬಂಡೆಗಳನ್ನು ಕೂಡಿಸಿ ವಾಡೊದ ಯುವಕ ಯುವತಿಯರು ಕೆಲಸ ಮುಗಿದ ಮೇಲೆ ರಾತ್ರಿ ಕೂತು ಗೋದಲಿ ಕಟ್ಟುತ್ತಾರೆ. ಗೋದಲಿ ಸ್ಪರ್ಧೆ, ನಕ್ಷತ್ರ ಸ್ಪರ್ಧೆ, ಕ್ಯಾರಲ್ ಸ್ಪರ್ಧೆ ಎಂದು ವಾಡೊ ವಾಡೊಗಳ ನಡುವೆ ಪೈಪೋಟಿ. ತೀರ್ಪುಗಾರರು ಹೊರಗಿನ ಧರ್ಮಕೇಂದ್ರದಿಂದ ಬಂದರೆ ತಕರಾರು ಕಡಿಮೆ. ನಕ್ಷತ್ರವನ್ನು ಮುಂಚೆ ಮನೆಯಲ್ಲೇ ಮಾಡುತ್ತಿದ್ದರು: ಸೀಳಿದ ಬಿದಿರ ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟು, ಒಳಗೊಂದು ದೀಪ. ಈಗ ಎಲ್‌ಇಡಿ ನಕ್ಷತ್ರ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಆದರೂ ಕೈಯಿಂದ ಮಾಡಿದ್ದಕ್ಕೇ ಬಹುಮಾನ ಎಂಬ ನಿಯಮವಿಟ್ಟಾಗ ಅಜ್ಜಂದಿರಿಗೆ ಮತ್ತೆ ಕೆಲಸ ಸಿಗುತ್ತದೆ, ಮೊಮ್ಮಕ್ಕಳಿಗೆ ಕಡ್ಡಿ ಸೀಳುವುದು ಹೇಗೆಂದು ಗೊತ್ತಾಗುತ್ತದೆ. ಅಂಥ ನಿಯಮ ಎಲ್ಲೆಡೆ ಬರಲಿ.

ಎಷ್ಟೇ ಚೆಂದದ ಗೋದಲಿಯಾದರೂ ಇಪ್ಪತ್ತನಾಲ್ಕರ ರಾತ್ರಿಯವರೆಗೆ ನಡುವಿನ ತೊಟ್ಟಿ ಖಾಲಿ.

ಅಡುಗೆಮನೆಯ ಕಾಯುವಿಕೆಗೆ ಬೇರೆಯೇ ವೇಗ. ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ‘ಕುಸ್ವಾರ್’ ಎಂದು ಹೆಸರು. ಅದು ಒಂದು ದಿನದ ಅಡುಗೆಯಲ್ಲ. ಕೇಕಿಗೆ ಬೇಕಾದ ಒಣದ್ರಾಕ್ಷಿ, ಚೆರಿ, ಕಿತ್ತಳೆ ಸಿಪ್ಪೆ ವಾರಗಟ್ಟಲೆ ಮೊದಲೇ ರಮ್ಮಿನಲ್ಲಿ ನೆನೆಯುತ್ತಿರುತ್ತವೆ. ಡಿಸೆಂಬರ್ ನಡುವಿಗೆ ಕರಿಯುವ ಸರದಿ. ತೆಂಗು, ಎಳ್ಳು, ಸಕ್ಕರೆ, ಗೋಡಂಬಿ, ಏಲಕ್ಕಿಯ ಹೂರಣ ತುಂಬಿ ಅಂಚು ಕತ್ತರಿಸಿದ ನೆವ್ರಿ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿದ ಕಿಡಿಯೊ, ಅದನ್ನೇ ಬೇರೆ ಕಡೆ ಕುಲ್‌ಕುಲ್ ಎನ್ನುತ್ತಾರೆ. ಅಕ್ಕಿಹಿಟ್ಟು, ತೆಂಗಿನ ಹಾಲಿನ ಪುಟ್ಟ ಗುಳಿಯೊ. ತುಕ್ಡಿ, ಚಕ್ಕುಲಿ, ಎಳ್ಳಿನ ಲಾಡು, ಖಾರದ ಬಾಳೆಕಾಯಿ ಚಿಪ್ಸ್, ಪೇರಳೆ ಹಣ್ಣಿನ ಪೆರಾಡ್.

ಎಲ್ಲಕ್ಕಿಂತ ಹಟದ್ದು ಕೊಕ್ಕಿಸ್, ಪೇಟೆಯವರ ಮಾತಿನಲ್ಲಿ ರೋಸ್ ಕುಕ್ಕಿ. ಹೂವಿನಾಕಾರದ ಕಬ್ಬಿಣದ ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ಅಕ್ಕಿಹಿಟ್ಟು, ಮೊಟ್ಟೆ, ತೆಂಗಿನ ಹಾಲಿನ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಅಚ್ಚಿನ ಮೇಲೂ ಹಿಟ್ಟು ಮುಚ್ಚಿಕೊಂಡು ಬಿಡಿಸಲಾಗದು. ಅಚ್ಚು ತಣ್ಣಗಿದ್ದರೆ ಹಿಟ್ಟು ಹಿಡಿಯುವುದಿಲ್ಲ, ಅತಿಯಾಗಿ ಕಾದರೆ ಹಿಟ್ಟಿನಲ್ಲೇ ಉದುರುತ್ತದೆ. ಮೊದಲ ನಾಲ್ಕಾರು ಕೊಕ್ಕಿಸ್ ಸುತ್ತ ಕುಳಿತ ಮಕ್ಕಳ ಪಾಲು, ಆಮೇಲೆ ಅಚ್ಚು ಪಳಗುತ್ತದೆ. ಇಂಥ ಕೆಲಸ ಒಬ್ಬರಿಂದಾಗದು. ಇಂದು ಈ ಮನೆ, ನಾಳೆ ಆ ಮನೆ ಎಂದು ನೆರೆಯ ಹೆಂಗಸರು ಕೂಡಿ ಕೂರುತ್ತಾರೆ. ಕಿಡಿಯೊ ಸುತ್ತುವ ಮಕ್ಕಳಿಗೂ ಅಲ್ಲೇ ಒಂದು ಮೂಲೆ. ಮನೆಯಲ್ಲಿ ಕೈ ಕಡಿಮೆಯಾದ ಹಾಗೆ ಬೇಕರಿಯಿಂದಲೋ ಸ್ತ್ರೀ ಸಂಘಗಳಿಂದಲೋ ತರಿಸುವವರು ಹೆಚ್ಚಿದ್ದಾರೆ. ಅದರಿಂದ ಕೆಲವು ಹೆಣ್ಣುಮಕ್ಕಳಿಗೆ ಡಿಸೆಂಬರ್‌ನಲ್ಲಿ ಒಳ್ಳೆಯ ಸಂಪಾದನೆಯಾಗುತ್ತದೆ. ಕರಾವಳಿಯ ಕುಸ್ವಾರ್ ಪೊಟ್ಟಣಗಳು ಮುಂಬೈಗೂ, ದುಬೈ ಕುವೈತ್‌ಗಳಿಗೂ ಪ್ರಯಾಣ ಮಾಡುತ್ತವೆ.

ಕುಸ್ವಾರ್‌ನ ನಿಜವಾದ ಗುಟ್ಟು ಅದು ಮನೆಯವರಿಗಾಗಿ ಮಾಡಿದ್ದಲ್ಲ ಎಂಬುದರಲ್ಲಿದೆ. ಮನೆಯವರ ಹಬ್ಬದೂಟ ಬೇರೆ: ಸನ್ನಾಂ, ಹಂದಿಮಾಂಸದ ಬಫಾತ್, ಕೋಳಿ. ಕುಸ್ವಾರ್ ಹೊರಗೆ ಹೋಗುವುದಕ್ಕೆ ಹುಟ್ಟಿದ್ದು. ತಟ್ಟೆಯಲ್ಲಿ ಜೋಡಿಸಿ, ಮೇಲೊಂದು ಕಸೂತಿ ಬಟ್ಟೆ ಮುಚ್ಚಿ ಮಕ್ಕಳ ಕೈಯಲ್ಲಿ ನೆರೆಮನೆಗಳಿಗೆ ಕಳಿಸುತ್ತಾರೆ. ಮಾಂಸವಿಲ್ಲ, ಬಹುಪಾಲು ತಿಂಡಿಗಳಲ್ಲಿ ಮೊಟ್ಟೆಯೂ ಇಲ್ಲ. ಹಾಗಾಗಿ ಯಾರ ಮನೆಗೂ ಹೋಗಬಲ್ಲದು. ಭಟ್ಟರ ಮನೆಗೆ ಹೋಗುವ ತಟ್ಟೆಯಲ್ಲಿ ಕೇಕು, ಕೊಕ್ಕಿಸ್ ಇರುವುದಿಲ್ಲ, ನೆವ್ರಿ, ಲಾಡು, ಚಕ್ಕುಲಿ ಹೆಚ್ಚಿರುತ್ತವೆ. ಬ್ಯಾರಿ ಮುಸ್ಲಿಮರ ಮನೆಗೆ ಹೋಗುವ ತಟ್ಟೆಯಲ್ಲಿ ರಮ್ಮು ಸೋಕಿದ್ದು ಇರಬಾರದು. ಯಾರ ಮನೆಗೆ ಏನು ಎಂಬುದು ತಟ್ಟೆ ಕಳಿಸುವ ಮನೆಯೊಡತಿಗೆ ಬಾಯಿಪಾಠ. ಚೌತಿಗೆ, ದೀಪಾವಳಿಗೆ, ಬ್ಯಾರಿಗಳ ಪೆರ್ನಾಲಿಗೆ (ಈದ್‌ಗೆ) ಆಚೆ ಮನೆಗಳಿಂದ ತುಂಬಿ ಬಂದ ತಟ್ಟೆಗಳ ಲೆಕ್ಕವೂ ಅವಳ ತಲೆಯಲ್ಲಿರುತ್ತದೆ. ಕರಾವಳಿಯ ಬಗ್ಗೆ ಒಡಕಿನ ಸುದ್ದಿಯೇ ಹೆಚ್ಚು ಕೇಳಿಬರುವ ದಿನಗಳಲ್ಲಿ ಈ ತಟ್ಟೆಗಳು ಇನ್ನೂ ಬೇಲಿ ದಾಟುತ್ತಿವೆ. ಧರ್ಮಪ್ರಾಂತ್ಯಗಳೂ ಧರ್ಮಕೇಂದ್ರಗಳೂ ಏರ್ಪಡಿಸುವ ‘ಸೌಹಾರ್ದ ಕ್ರಿಸ್ಮಸ್’ ಕೂಟಗಳಲ್ಲಿ ಎಲ್ಲ ಧರ್ಮದ ಮುಖಂಡರು ಒಂದೇ ವೇದಿಕೆಯಲ್ಲಿ ಕೇಕ್ ಕತ್ತರಿಸುತ್ತಾರೆ. ಅದೂ ಬೇಕು. ಆದರೆ ಹೆಚ್ಚಿನ ಬಲವಿರುವುದು ವೇದಿಕೆಯಿಲ್ಲದೆ ಅಡುಗೆಮನೆಯ ಹಿತ್ತಲ ಬಾಗಿಲಿಂದ ನಡೆಯುವ ಕೊಡುಕೊಳ್ಳುವಿಕೆಯಲ್ಲಿ.

ಅದೇ ದಿನಗಳಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರ ಓಡಾಟ. ಫ್ರೆಡರಿಕ್ ಓಝನಾಮ್ ಎಂಬ ಇಪ್ಪತ್ತರ ಹರೆಯದ ವಿದ್ಯಾರ್ಥಿ ಗೆಳೆಯರೊಂದಿಗೆ 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಂಸ್ಥೆ ಅದು. ಬಡವರ ಮನೆಗೆ ಸ್ವತಃ ಹೋಗಿ ಕಾಣುವುದು ಅದರ ಕ್ರಮ. ಕರಾವಳಿಯ ಇಗರ್ಜಿಗಳಲ್ಲಿ ಅದರ ಸದಸ್ಯರು ಅಕ್ಕಿ, ಬಟ್ಟೆ, ಔಷಧದ ಖರ್ಚು ಹೊತ್ತು ಸದ್ದಿಲ್ಲದೆ ಮನೆಗಳ ಬಾಗಿಲಿಗೆ ಹೋಗುತ್ತಾರೆ. ಕ್ಯಾರಲ್ ತಂಡಗಳು ಗಿಟಾರು, ಡ್ರಮ್ಮು ಹಿಡಿದು ಮನೆಮನೆಗೆ ಹೋಗಿ ಹಾಡಿ ತಂದ ಹಣವೂ ಬಹಳ ಕಡೆ ಇಂಥ ಕೆಲಸಕ್ಕೇ ಸೇರುತ್ತದೆ. ತಂಡ ಮನೆಗೆ ಬರುವ ಹೊತ್ತಿಗೆ ಹಾಸಿಗೆ ಹಿಡಿದ ಹಿರಿಯರಿದ್ದರೆ ಅವರ ಕೋಣೆಯ ಬಾಗಿಲಲ್ಲಿ ನಿಂತು ಇನ್ನೊಂದು ಹಾಡು ಹಾಡುತ್ತಾರೆ.

ಇಪ್ಪತ್ತನಾಲ್ಕರ ರಾತ್ರಿಯ ಬಲಿಪೂಜೆ. ಕ್ರಿಸ್ಮಸ್ ಡಿಸೆಂಬರ್ 25ಕ್ಕೆ ನಿಂತದ್ದು ರೋಮಿನಲ್ಲಿ. ಕ್ರಿ.ಶ. 336ರಲ್ಲಿ ಅಲ್ಲಿ ಅದನ್ನು ಆಚರಿಸುತ್ತಿದ್ದರೆಂಬುದಕ್ಕೆ 354ರ ಪಂಚಾಂಗವೊಂದು ಸಾಕ್ಷಿ. ಈ ಹಬ್ಬಕ್ಕೆ ರಾತ್ರಿ, ಮುಂಜಾವು, ಹಗಲು ಎಂದು ಮೂರು ಬೇರೆ ಬೇರೆ ಬಲಿಪೂಜೆಗಳ ವಿಧಿಯಿದೆ, ಮುನ್ನಾ ಸಂಜೆಗೆ ಮತ್ತೊಂದು. ನಡುರಾತ್ರಿಯ ಬಲಿಪೂಜೆ ಹಿಂದಿನ ತಲೆಮಾರಿಗೆ ಕಷ್ಟದ ಸುಖವಾಗಿತ್ತು. ಹಳ್ಳಿಗಳಿಂದ ಪಂಜಿನಂಥ ಸೂಟೆ ಹಿಡಿದು, ಗದ್ದೆ ಹುಣಿಗಳ ಮೇಲೆ ನಡೆದು ಬರುತ್ತಿದ್ದರು. ಮುಂಜಾವು, ಹಗಲಿನ ಬಲಿಪೂಜೆಗಳಲ್ಲಿ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರನ್ನೂ ಮುಟ್ಟದೆ ಉಪವಾಸವಿರಬೇಕೆಂಬ ಕಟ್ಟುಪಾಡನ್ನು ಪೋಪ್ ಹನ್ನೆರಡನೇ ಪಿಯುಸ್ 1953ರಲ್ಲಿ ಸಡಿಲಿಸಿ, 1957ರಲ್ಲಿ ಮೂರು ಗಂಟೆಗೆ ಇಳಿಸಿದರು. ಪೋಪ್ ಆರನೇ ಪೌಲರು 1964ರಲ್ಲಿ ಅದನ್ನು ಒಂದು ಗಂಟೆಗೆ ತಂದರು. 1963ರ ಡಿಸೆಂಬರ್ 4ರಂದು ಎರಡನೇ ವ್ಯಾಟಿಕನ್ ಮಹಾಸಭೆ ಜನರ ನುಡಿಗಳಿಗೆ ಪೂಜಾವಿಧಿಯ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ಕೇಳುತ್ತಿದ್ದ ಆ ರಾತ್ರಿಯ ಪ್ರಾರ್ಥನೆಗಳು ಕರಾವಳಿಯಲ್ಲಿ ಕೊಂಕಣಿಯಾಗಿ, ಘಟ್ಟದ ಮೇಲಿನ ಅನೇಕ ಊರುಗಳಲ್ಲಿ ಕನ್ನಡವಾಗಿ ಕೇಳತೊಡಗಿದವು.

ಈಗ ಕರಾವಳಿಯ ಬಹಳಷ್ಟು ಇಗರ್ಜಿಗಳಲ್ಲಿ ಬಲಿಪೂಜೆ ಸಂಜೆ ಏಳರ ಸುಮಾರಿಗೇ ಆರಂಭವಾಗುತ್ತದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕಿರುವ ನಿರ್ಬಂಧ, ವೃದ್ಧರ ಅನುಕೂಲ, ದೂರದಿಂದ ಬರುವವರ ಸುರಕ್ಷತೆ ಎಲ್ಲವೂ ಕಾರಣ. ನಡುರಾತ್ರಿಯ ಚಳಿಯಲ್ಲಿ ನಡೆದುಬಂದವರಿಗೆ ಇದರಲ್ಲಿ ಏನೋ ಕಳೆದುಕೊಂಡಂತೆ ಅನಿಸುವುದು ಸಹಜ. ಆದರೆ ಎಂಬತ್ತರ ಅಜ್ಜಿಯೂ ಹಸುಗೂಸಿನ ತಾಯಿಯೂ ಒಂದೇ ಬೆಂಚಿನಲ್ಲಿ ಕೂರುವಂತಾದದ್ದು ಸಣ್ಣ ಲಾಭವಲ್ಲ.

ಬಲಿಪೂಜೆಗೆ ಮೊದಲು ಕೆಲವು ಕಡೆ ಕ್ರಿಸ್ತ ಜನನದ ಘೋಷಣೆಯನ್ನು ಹಾಡುತ್ತಾರೆ. ಸೃಷ್ಟಿ, ಜಲಪ್ರಳಯ, ಅಬ್ರಹಾಮ, ಮೋಶೆ, ದಾವೀದ ಎಂದು ಕಾಲವನ್ನು ಎಣಿಸುತ್ತ, 194ನೇ ಒಲಿಂಪಿಯಾಡ್, ರೋಮ್ ನಗರ ಸ್ಥಾಪನೆಯಾಗಿ 752ನೇ ವರ್ಷ, ಅಗಸ್ಟಸ್ ಚಕ್ರವರ್ತಿಯ ಆಳ್ವಿಕೆಯ 42ನೇ ವರ್ಷ ಎಂದು ಹೇಳಿ, ಕೊನೆಗೆ ಬೆತ್ಲೆಹೇಮಿನ ಒಂದು ಮಗುವಿನ ಹೆಸರಿಗೆ ಬಂದು ನಿಲ್ಲುತ್ತದೆ ಅದು. ಚಕ್ರವರ್ತಿಗಳ ಕಾಲಗಣನೆಯೆಲ್ಲ ಒಬ್ಬ ಬಡಗಿಯ ಮನೆಯ ಕೂಸಿಗೆ ಪೀಠಿಕೆಯಾಗುವ ಈ ಘೋಷಣೆಯನ್ನು ಎಲ್ಲ ಇಗರ್ಜಿಗಳೂ ಹಾಡಬೇಕು ಎನಿಸುತ್ತದೆ.

ಆಮೇಲೆ ನಾಲ್ಕು ಭಾನುವಾರ ತಡೆದಿಟ್ಟ ಗ್ಲೋರಿಯಾ. ಪಾದ್ರಿಗಳು ಮೊದಲ ಸಾಲು ಎತ್ತುತ್ತಿದ್ದಂತೆ ಪೀಠಬಾಲಕರ ಕೈಗಂಟೆಗಳು, ಗೋಪುರದ ದೊಡ್ಡ ಗಂಟೆ, ತಗ್ಗಿದ್ದ ವಾದ್ಯ ಎಲ್ಲ ಒಟ್ಟಿಗೆ ಮೊಳಗುತ್ತವೆ. ನಾಲ್ಕು ಭಾನುವಾರ ಅದನ್ನು ಬಿಟ್ಟಿದ್ದವರಿಗೆ ಮಾತ್ರ ಆ ಸದ್ದು ಪೂರ್ತಿ ಕೇಳಿಸುವುದು. ವಿಶ್ವಾಸಸಂಗ್ರಹದಲ್ಲಿ ದೇವರು ಮನುಷ್ಯನಾದ ಮಾತು ಬರುವಲ್ಲಿ ಮಿಕ್ಕ ಭಾನುವಾರಗಳಲ್ಲಿ ತಲೆಬಾಗುವ ಜನ ಇಂದು ಮೊಣಕಾಲೂರುತ್ತಾರೆ. ವರ್ಷದಲ್ಲಿ ಹೀಗೆ ಮೊಣಕಾಲೂರುವುದು ಈ ಹಬ್ಬಕ್ಕೆ ಮತ್ತು ಒಂಬತ್ತು ತಿಂಗಳ ಹಿಂದಿನ ಮಾರ್ಚ್ 25ರ ಮಂಗಳವಾರ್ತೆಯ ಹಬ್ಬಕ್ಕೆ ಮಾತ್ರ. ಬಾಲಯೇಸುವಿನ ಪ್ರತಿಮೆಯನ್ನು ಪಾದ್ರಿಗಳು ಮೆರವಣಿಗೆಯಲ್ಲಿ ಒಯ್ದು ಗೋದಲಿಯ ಖಾಲಿ ತೊಟ್ಟಿಯಲ್ಲಿ ಮಲಗಿಸುತ್ತಾರೆ. ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕೇಕು, ಬಿಸಿ ಕಾಫಿ, ಮಕ್ಕಳ ಕಾರ್ಯಕ್ರಮ, ಸ್ಪರ್ಧೆಗಳ ಬಹುಮಾನ.

ಅಂದು ಅಂಗಳದಲ್ಲಿ ವರ್ಷವಿಡೀ ಕಾಣದ ಮುಖಗಳಿರುತ್ತವೆ. ಮುಂಬೈ, ಬೆಂಗಳೂರು, ಕೊಲ್ಲಿ ದೇಶಗಳಿಂದ ಮಕ್ಕಳು ಬಂದಿರುತ್ತಾರೆ. ಅವರಲ್ಲಿ ಹಲವರಿಗೆ ರಜೆ ಎರಡೇ ವಾರ, ಅದರೊಳಗೆ ಮದುವೆಯೂ ಆಗಬೇಕು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಂತೆ ಆಗಮನ ಕಾಲದಲ್ಲೂ ಕರಾವಳಿಯ ಕೆಥೋಲಿಕರು ಸಾಮಾನ್ಯವಾಗಿ ಮದುವೆ ಇಟ್ಟುಕೊಳ್ಳುವುದಿಲ್ಲ. ಹೀಗಾಗಿ ಡಿಸೆಂಬರ್ 26ರಿಂದ ಸಭಾಂಗಣಗಳು ಬಿಡುವಿಲ್ಲದೆ ತುಂಬಿರುತ್ತವೆ. ವಧೂವರರಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ರೋಸ್ ಒಂದು ಮನೆಯಲ್ಲಿ, ಮದುವೆ ಇನ್ನೊಂದು ಮನೆಯಲ್ಲಿ. ಗೋದಲಿಗೆಂದು ತಂದ ವಿದ್ಯುದ್ದೀಪದ ಸರಗಳು ಚಪ್ಪರಕ್ಕೆ ಏರುತ್ತವೆ.

ಹಬ್ಬ ಇನ್ನೂ ಮುಗಿದಿಲ್ಲ. ಕ್ರಿಸ್ಮಸ್‌ನ ಮರುದಿನವೇ ಕಲ್ಲೆಸೆತಕ್ಕೆ ಪ್ರಾಣ ಕೊಟ್ಟ ಸಂತ ಸ್ತೇಫನರ ಸ್ಮರಣೆ, 28ರಂದು ಹೆರೋದ ಕೊಲ್ಲಿಸಿದ ಎಳೆಗೂಸುಗಳದ್ದು. ತೊಟ್ಟಿಲ ಸಂಭ್ರಮಕ್ಕೆ ಇಷ್ಟು ಹತ್ತಿರದಲ್ಲಿ ರಕ್ತದ ನೆನಪನ್ನಿಟ್ಟ ಪಂಚಾಂಗ ಇದು. ಯುದ್ಧದಲ್ಲಿ ಮಕ್ಕಳು ಸಾಯುವ ಸುದ್ದಿ ಇಂದಿಗೂ ಬರುವಾಗ ಆ 28ನೇ ತಾರೀಖು ಪ್ರವಚನಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕು. 31ರ ರಾತ್ರಿ ಕಳೆದ ವರ್ಷಕ್ಕೆ ಕೃತಜ್ಞತೆಯ ಆರಾಧನೆ, ಜನವರಿ 1ರಂದು ದೇವಮಾತೆಯ ಹಬ್ಬ, ಆಮೇಲೆ ಬಾಲಯೇಸುವನ್ನು ಕಾಣಲು ಬಂದ ಮೂರು ರಾಯರ ಹಬ್ಬ. ಅದಾದ ಮೇಲೆ ಬರುವ ಯೇಸುವಿನ ದೀಕ್ಷಾಸ್ನಾನದ ಹಬ್ಬದೊಂದಿಗೆ ಕ್ರಿಸ್ಮಸ್ ಕಾಲ ಮುಗಿದು, ಮರುದಿನ ಪೀಠಕ್ಕೆ ಹಸಿರು ಬಟ್ಟೆ ಬರುತ್ತದೆ.

ಗೋದಲಿ ಬಿಚ್ಚುವುದೂ ವಾಡೊದ ಕೆಲಸ. ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಾರೆ, ಬೈಹುಲ್ಲು ಯಾರದೋ ದನಗಳ ಪಾಲಾಗುತ್ತದೆ. ಗುರ್ಕಾರರು ಕ್ಯಾರಲ್ ಹಣದ ಲೆಕ್ಕವನ್ನು ಪಾಲನಾ ಸಮಿತಿಯ ಮುಂದಿಡುತ್ತಾರೆ. ಅಷ್ಟರಲ್ಲಿ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಬಸಿಲಿಕದ ವಾರ್ಷಿಕ ಮಹೋತ್ಸವದ ಸಿದ್ಧತೆ ಶುರುವಾಗಿರುತ್ತದೆ. ಜನವರಿಯಲ್ಲಿ ಹಲವು ದಿನ ನಡೆಯುವ ಆ ಜಾತ್ರೆಗೆ ಜಾತಿ ಮತಗಳ ಭೇದವಿಲ್ಲದೆ ಜನ ಹರಕೆಯ ಮೇಣದಬತ್ತಿ ಹಿಡಿದು ಬರುತ್ತಾರೆ. ಅಷ್ಟು ಜನರ ಸಾಲನ್ನು ನಿಭಾಯಿಸಲು, ವಾಹನ ನಿಲ್ಲಿಸಲು, ದೂರದೂರಿನಿಂದ ಬಂದವರಿಗೆ ದಾರಿ ತೋರಿಸಲು ಸ್ವಯಂಸೇವಕರು ಬೇಕು. ಸುತ್ತಲಿನ ಫಿರ್ಗಜ್‌ಗಳಲ್ಲಿ ಹೆಸರು ಬರೆಸುವ ಪಟ್ಟಿ ಸಿದ್ಧವಾಗುತ್ತದೆ.